ದೇಶದ ನೈಸರ್ಗಿಕ ಸಂಪತ್ತಿಗೆ ಬೆಲೆ ಕಟ್ಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅದಿರು, ತೈಲ, ಕಾಡು, ನೀರು, ಮೀನು. ಒಂದು ದೇಶದ ಇವೆಲ್ಲ ಸೇರಿದರೆ ಬೆಲೆ ಎಷ್ಟು ಎಂಬ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಏಳುತ್ತವೆ. ಮಾತಿನಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಜನ ಕೇಳಿದ ಹಾಗೆಯೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ. ಒಂದೊಂದು ಉತ್ತರವೂ ತನ್ನಷ್ಟಕ್ಕೆ ನಿಲ್ಲುತ್ತದೆ. ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು.

## ಶುರುವಿನ ಪ್ರಶ್ನೆಗಳು

ನೈಸರ್ಗಿಕ ಸಂಪತ್ತು ಅಂದ್ರೆ ಲೆಕ್ಕಕ್ಕೆ ಏನೇನು ಹಿಡೀತಾರೆ?

ತೈಲ, ಅನಿಲ, ಕಲ್ಲಿದ್ದಲು, ಲೋಹದ ಅದಿರು, ಕಾಡು, ಸಾಗುವಳಿ ಜಮೀನು, ಹುಲ್ಲುಗಾವಲು, ಮೀನು, ನೀರು. ಈಚೆಗೆ ಗಾಳಿ, ಬಿಸಿಲು, ಜಲವಿದ್ಯುತ್ ಕೂಡ ಸೇರುತ್ತಿವೆ. ಇದಕ್ಕೊಂದು ಅಂತರರಾಷ್ಟ್ರೀಯ ಮಾದರಿ ಇದೆ. ಪರಿಸರ ಮತ್ತು ಆರ್ಥಿಕ ಲೆಕ್ಕಗಳನ್ನು ಒಟ್ಟಿಗೆ ಬರೆಯುವ ಆ ಚೌಕಟ್ಟನ್ನು ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2012ರಲ್ಲಿ ಒಪ್ಪಿತು. ಕಾಡು, ಜೌಗು, ಹವಳದ ದಿಬ್ಬಗಳಂಥ ಇಡೀ ಪರಿಸರ ವ್ಯವಸ್ಥೆಗಳ ಲೆಕ್ಕದ ಮಾದರಿ ಬಂದದ್ದು 2021ರಲ್ಲಿ. ಯಾವುದೇ ಅಂಕಿ ಕಂಡರೂ ಮೊದಲು ಅದರಲ್ಲಿ ಏನು ಸೇರಿದೆ, ಏನು ಬಿಟ್ಟುಹೋಗಿದೆ ಎಂದು ನೋಡಿ. ಬರೀ ಖನಿಜದ ಲೆಕ್ಕವನ್ನು 'ದೇಶದ ಒಟ್ಟು ನೈಸರ್ಗಿಕ ಸಂಪತ್ತು' ಎಂದು ಅಚ್ಚು ಹಾಕುವವರು ಬೇಕಾದಷ್ಟು ಜನ ಇದ್ದಾರೆ.

ಎಷ್ಟು ಟನ್ ಇದೆ, ಟನ್ನಿಗೆ ರೇಟ್ ಎಷ್ಟು? ಗುಣಿಸಿದ್ರೆ ಮುಗೀತಲ್ವಾ?

ಮುಗಿಯುವುದಿಲ್ಲ. ಆದರೆ ಸುದ್ದಿಯಲ್ಲಿ ಬರುವ ಬಹುತೇಕ ದೊಡ್ಡ ಅಂಕಿಗಳು ಹುಟ್ಟುವುದು ಹೀಗೇ.

ಸಮುದ್ರದ ನೀರನ್ನೇ ತಗೊಳ್ಳಿ. ಅದರಲ್ಲಿ ಚಿನ್ನ ಕರಗಿದೆ. ಎಲ್ಲ ಸಾಗರಗಳನ್ನೂ ಸೇರಿಸಿದರೆ ಸುಮಾರು 2 ಕೋಟಿ ಟನ್ ಎಂಬ ಅಂದಾಜಿದೆ. ಮನುಷ್ಯರು ಇದುವರೆಗೆ ಅಗೆದು ತೆಗೆದ ಒಟ್ಟು ಚಿನ್ನ 2 ಲಕ್ಷ ಟನ್ನಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊದಲ ಮಹಾಯುದ್ಧ ಸೋತ ಜರ್ಮನಿಯ ಮೇಲೆ ಭಾರಿ ಪರಿಹಾರದ ಹೊರೆ ಬಿದ್ದಾಗ ರಸಾಯನ ವಿಜ್ಞಾನಿ ಫ್ರಿಟ್ಜ್ ಹೇಬರ್ 1920ರ ದಶಕದಲ್ಲಿ ಈ ಚಿನ್ನದ ಬೆನ್ನು ಹತ್ತಿದರು. ವರ್ಷಗಟ್ಟಲೆ ನೀರಿನ ಮಾದರಿ ತಂದು ಪರೀಕ್ಷಿಸಿದರು. ಚಿನ್ನ ಇತ್ತು, ನಿಜ. ಆದರೆ ಹಿಂದಿನವರು ಅಂದುಕೊಂಡದ್ದಕ್ಕಿಂತ ಎಷ್ಟೋ ಪಾಲು ಕಡಿಮೆ. ಒಂದು ಗ್ರಾಂ ಹಿಂಡಲು ಆಗುವ ಖರ್ಚು ಆ ಗ್ರಾಮಿನ ಬೆಲೆಯನ್ನು ಮೀರಿಸಿತು. ಹಾಗಾಗಿ ಸಮುದ್ರದ ಚಿನ್ನದ ಆರ್ಥಿಕ ಮೌಲ್ಯ ಸೊನ್ನೆ.

ತೆಗೆಯುವ ಖರ್ಚು, ಸಾಗಿಸುವ ಖರ್ಚು, ಹಾಕಿದ ಬಂಡವಾಳದ ಪಾಲು ಎಲ್ಲ ಕಳೆದ ಮೇಲೆ ಏನಾದರೂ ಉಳಿದರೆ ಅದೇ ಆ ಸಂಪನ್ಮೂಲದ ನಿಜವಾದ ಗಳಿಕೆ. ಅರ್ಥಶಾಸ್ತ್ರದಲ್ಲಿ ಅದಕ್ಕೆ ಗೇಣಿ ಎನ್ನುತ್ತಾರೆ. ಈ ಪುಟದಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ.

ಆಫ್ಘಾನಿಸ್ತಾನದ ನೆಲದಡಿ 1 ಲಕ್ಷ ಕೋಟಿ ಡಾಲರ್ ಇದೆ ಅಂತ ಓದಿದ್ದೆ. ಮತ್ತೆ ಯಾಕೆ ಅಲ್ಲಿ ಇಷ್ಟು ಬಡತನ?

2010ರ ಜೂನ್‌ನಲ್ಲಿ ಅಮೆರಿಕದ ಅಧಿಕಾರಿಗಳು ಈ ಅಂಕಿ ಹೇಳಿದರು. ಕಬ್ಬಿಣ, ತಾಮ್ರ, ಕೋಬಾಲ್ಟ್, ಚಿನ್ನ, ಲಿಥಿಯಂ ಎಲ್ಲ ಸೇರಿ ಸುಮಾರು 1 ಲಕ್ಷ ಕೋಟಿ ಡಾಲರ್. ಆಮೇಲೆ ಅಲ್ಲಿನ ಗಣಿ ಸಚಿವಾಲಯ 3 ಲಕ್ಷ ಕೋಟಿ ಎಂದಿತು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದ ಹಾಗಾಯಿತು.

ಅಂಕಿಯ ಹಿಂದೆ ಸುಳ್ಳಿರಲಿಲ್ಲ. ಭೂವಿಜ್ಞಾನಿಗಳ ಸಮೀಕ್ಷೆಯೇ ಇತ್ತು. ಆದರೆ ಅದು ಕಲ್ಲಿನೊಳಗೆ ಇದೆಯೆಂದು ಅಂದಾಜಿಸಿದ ಲೋಹದ ಮಾರುಕಟ್ಟೆ ಬೆಲೆ. ಆ ಕಲ್ಲಿಗೂ ಬಂದರಿಗೂ ನಡುವೆ ರೈಲಿಲ್ಲ, ಸಾಕಷ್ಟು ವಿದ್ಯುತ್ ಇಲ್ಲ, ಭದ್ರತೆ ಇಲ್ಲ. ಕಾಬೂಲ್ ಹತ್ತಿರದ ಮೆಸ್ ಐನಾಕ್ ತಾಮ್ರದ ಗಣಿಯನ್ನು 2008ರಲ್ಲೇ ಒಂದು ಚೀನೀ ಕೂಟಕ್ಕೆ ಗುತ್ತಿಗೆ ಕೊಟ್ಟಿದ್ದರು. ಹತ್ತು ವರ್ಷ ದಾಟಿದರೂ ಅಲ್ಲಿಂದ ತಾಮ್ರ ಹೊರಗೆ ಬರಲಿಲ್ಲ. ಅದಿರು ಇದೆ, ಗೇಣಿ ಇಲ್ಲ.

ನೆಲದೊಳಗೆ ಎಷ್ಟಿದೆ ಅಂತ ಕಣ್ಣಲ್ಲಿ ನೋಡದೆ ಹೇಗೆ ಹೇಳ್ತಾರೆ?

ಕೊಳವೆ ಕೊರೆದು ಕಲ್ಲಿನ ಉದ್ದನೆಯ ಕಂಬಗಳನ್ನು ಹೊರತೆಗೆಯುತ್ತಾರೆ. ಅದನ್ನು ಸೀಳಿ, ಅರ್ಧವನ್ನು ಪ್ರಯೋಗಾಲಯಕ್ಕೆ ಕಳಿಸಿ, ಉಳಿದರ್ಧವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತಾರೆ. ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಏನಿದೆ ಎಂಬುದು ಲೆಕ್ಕಾಚಾರದ ಊಹೆ. ತೂತುಗಳು ಹತ್ತಿರ ಹತ್ತಿರ ಇದ್ದಷ್ಟೂ ನಂಬಿಕೆ ಜಾಸ್ತಿ.

ಆ ಅರ್ಧ ಕಲ್ಲನ್ನು ಇಟ್ಟುಕೊಳ್ಳುವುದು ಯಾಕೆ ಗೊತ್ತಾ? ಬೇಕೆಂದಾಗ ಮತ್ತೊಮ್ಮೆ ಪರೀಕ್ಷಿಸಲು. 1990ರ ದಶಕದಲ್ಲಿ ಬ್ರೆ-ಎಕ್ಸ್ ಎಂಬ ಕೆನಡಾ ಕಂಪನಿ ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಲೋಕದ ಅತಿ ದೊಡ್ಡ ಚಿನ್ನದ ನಿಕ್ಷೇಪ ಸಿಕ್ಕಿದೆ ಎಂದಿತು. ಕಂಪನಿಯ ಷೇರುಗಳ ಒಟ್ಟು ಬೆಲೆ 600 ಕೋಟಿ ಕೆನಡಾ ಡಾಲರ್ ದಾಟಿತು. ಅಲ್ಲಿ ಕಲ್ಲಿನ ಕಂಬವನ್ನು ಅರ್ಧ ಉಳಿಸಿಕೊಳ್ಳದೆ ಪೂರ್ತಿ ಪುಡಿ ಮಾಡುತ್ತಿದ್ದರು. 1997ರಲ್ಲಿ ಹೊರಗಿನವರು ಬಂದು ಕೊರೆದಾಗ ಚಿನ್ನವೇ ಇರಲಿಲ್ಲ. ಮಾದರಿಯ ಪುಡಿಗೆ ಯಾರೋ ಹೊರಗಿನ ಚಿನ್ನದ ಪುಡಿ ಬೆರೆಸಿದ್ದರು. ಆ ಪುಡಿಯಲ್ಲಿ ಹೊಳೆಯ ಮರಳಿನಲ್ಲಿ ಉರುಳಿ ನುಣುಪಾದ ಕಣಗಳಿದ್ದವು. ಗಟ್ಟಿ ಕಲ್ಲಿನೊಳಗಿನ ಚಿನ್ನ ಹಾಗಿರುವುದಿಲ್ಲ. ಇದಾದ ಮೇಲೆ ಕೆನಡಾ ನಿಯಮ ಬಿಗಿ ಮಾಡಿತು. ಅರ್ಹ ತಜ್ಞರೊಬ್ಬರು ಹೊಣೆ ಹೊತ್ತು ಸಹಿ ಹಾಕದೆ ನಿಕ್ಷೇಪದ ಅಂಕಿಯನ್ನು ಹೂಡಿಕೆದಾರರ ಮುಂದೆ ಇಡುವ ಹಾಗಿಲ್ಲ.

ತೈಲ ಇನ್ನು 40 ವರ್ಷದಲ್ಲಿ ಖಾಲಿ ಅಂತ ಚಿಕ್ಕಂದಿನಿಂದ ಕೇಳ್ತಿದೀವಿ. ಯಾಕೆ ಖಾಲಿ ಆಗ್ತಿಲ್ಲ?

'ರಿಸರ್ವ್' ಎಂದರೆ ನೆಲದಲ್ಲಿರುವ ಒಟ್ಟು ತೈಲ ಅಲ್ಲ. ಇವತ್ತಿನ ತಂತ್ರಜ್ಞಾನದಲ್ಲಿ, ಇವತ್ತಿನ ಬೆಲೆಗೆ, ನಷ್ಟವಿಲ್ಲದೆ ತೆಗೆಯಬಹುದಾದಷ್ಟು ಮಾತ್ರ. ಬೆಲೆ ಏರಿದರೆ, ಕೊರೆಯುವ ವಿಧಾನ ಸುಧಾರಿಸಿದರೆ ರಿಸರ್ವ್ ಕೂಡ ಹಿಗ್ಗುತ್ತದೆ. ಲೋಕದ ತೈಲ ರಿಸರ್ವ್ ಅನ್ನು ವರ್ಷದ ಉತ್ಪಾದನೆಯಿಂದ ಭಾಗಿಸಿದರೆ 1980ರಲ್ಲಿ ಸುಮಾರು 30 ವರ್ಷ ಬರುತ್ತಿತ್ತು. ನಲವತ್ತು ವರ್ಷ ಸತತವಾಗಿ ಸುರಿದ ಮೇಲೆ, 2020ರಲ್ಲಿ ಅದೇ ಭಾಗಾಕಾರ 50 ವರ್ಷ ದಾಟಿತ್ತು.

ವೆನೆಜುವೆಲಾದ್ದು ಇನ್ನೂ ತಮಾಷೆ. ಒರಿನೊಕೊ ಪ್ರದೇಶದ ಗಟ್ಟಿ, ಡಾಂಬರಿನಂಥ ತೈಲವನ್ನು ಸೇರಿಸಿಕೊಂಡು ಅದರ ರಿಸರ್ವ್ ಸುಮಾರು 30,000 ಕೋಟಿ ಬ್ಯಾರೆಲ್‌ಗೆ ಏರಿ ಲೋಕದಲ್ಲೇ ಮೊದಲ ಸ್ಥಾನಕ್ಕೆ ಬಂತು. ಉತ್ಪಾದನೆ ಮಾತ್ರ ತಿರುಗುಮುರುಗು. 1990ರ ದಶಕದ ಕೊನೆಗೆ ದಿನಕ್ಕೆ 30 ಲಕ್ಷ ಬ್ಯಾರೆಲ್ ದಾಟಿದ್ದದ್ದು 2020ರಲ್ಲಿ 10 ಲಕ್ಷಕ್ಕಿಂತಲೂ ಕೆಳಗೆ ಬಿತ್ತು. ಎದುರು ದಿಕ್ಕಿನ ಉದಾಹರಣೆಯೂ ಇದೆ. 2004ರ ಜನವರಿಯಲ್ಲಿ ಶೆಲ್ ಕಂಪನಿ ತನ್ನ ಖಚಿತ ರಿಸರ್ವ್‌ನ ಐದರಲ್ಲಿ ಒಂದು ಪಾಲನ್ನು, ಅಂದರೆ 390 ಕೋಟಿ ಬ್ಯಾರೆಲ್ ಅನ್ನು, ಒಂದೇ ಪ್ರಕಟಣೆಯಲ್ಲಿ ಪಟ್ಟಿಯಿಂದ ಕೆಳಗಿಳಿಸಿತು. ನೆಲದಡಿ ಒಂದು ಹನಿಯೂ ಕದಲಿರಲಿಲ್ಲ.

## ಲೆಕ್ಕದ ಒಳಗೆ

ಸರಿ, ಹಂಗಾದ್ರೆ ಸರಿಯಾದ ಲೆಕ್ಕ ಹೇಗೆ? ಒಂದು ಉದಾಹರಣೆ ಹಾಕಿ ತೋರಿಸಿ.

ಒಂದು ಕಾಲ್ಪನಿಕ ತಾಮ್ರದ ಗಣಿ ಇಟ್ಟುಕೊಳ್ಳೋಣ. ಸಂಖ್ಯೆಗಳೆಲ್ಲ ನಾನು ಹಾಕಿದ್ದು, ಲೆಕ್ಕದ ದಾರಿ ಮಾತ್ರ ನಿಜವಾದದ್ದು.

ಅದಿರು 50 ಕೋಟಿ ಟನ್. ಅದರಲ್ಲಿ ತಾಮ್ರ 0.8 ಶೇಕಡಾ, ಅಂದರೆ 40 ಲಕ್ಷ ಟನ್. ಟನ್ನಿಗೆ 9,000 ಡಾಲರ್ ಹಿಡಿದರೆ 3,600 ಕೋಟಿ ಡಾಲರ್. ಪತ್ರಿಕೆಯ ತಲೆಬರಹ ಇದೇ.

ಈಗ ಕಳೆಯುತ್ತಾ ಹೋಗೋಣ. ಅದಿರನ್ನು ಅರೆದು ತೊಳೆಯುವಾಗ ತಾಮ್ರ ಪೂರ್ತಿ ಸಿಗುವುದಿಲ್ಲ. 85 ಶೇಕಡಾ ಸಿಕ್ಕಿತು ಎನ್ನಿ, 34 ಲಕ್ಷ ಟನ್. ಅದನ್ನು 25 ವರ್ಷ ತೆಗೆದರೆ ವರ್ಷಕ್ಕೆ 1,36,000 ಟನ್. ಮಾರಿದ ಹಣ ವರ್ಷಕ್ಕೆ 122.4 ಕೋಟಿ ಡಾಲರ್. ಟನ್ನಿಗೆ 5,500 ಡಾಲರ್‌ನಂತೆ ಕೂಲಿ, ಡೀಸೆಲ್, ವಿದ್ಯುತ್, ಸಾಗಣೆಗೆ 74.8 ಕೋಟಿ ಹೋಗುತ್ತದೆ. ಉಳಿದದ್ದು 47.6 ಕೋಟಿ.

ಇದೂ ಪೂರ್ತಿ ಗೇಣಿ ಅಲ್ಲ. ಗಣಿ ಕಟ್ಟಲು 300 ಕೋಟಿ ಡಾಲರ್ ಹಾಕಿದ್ದಾರೆ. ಅದನ್ನು 25 ವರ್ಷಕ್ಕೆ ಹಂಚಿದರೆ ಸವಕಳಿ ವರ್ಷಕ್ಕೆ 12 ಕೋಟಿ. ಬೇರೆಲ್ಲಾದರೂ ಹೂಡಿದ್ದರೆ ಬರುತ್ತಿದ್ದ ಲಾಭವೆಂದು, 4 ಶೇಕಡಾದಂತೆ, ಇನ್ನೊಂದು 12 ಕೋಟಿ. ಎರಡನ್ನೂ ಕಳೆದರೆ 23.6 ಕೋಟಿ ಡಾಲರ್. ಪ್ರಕೃತಿ ಕೊಟ್ಟದ್ದು ವರ್ಷಕ್ಕೆ ಇಷ್ಟು.

ಮುಂದೆ ಬರುವ ದುಡ್ಡಿಗೆ ಇವತ್ತಿನ ದುಡ್ಡಿಗಿಂತ ಬೆಲೆ ಕಡಿಮೆ. ವರ್ಷಕ್ಕೆ ಎಷ್ಟು ಕಡಿಮೆ ಎಂದು ಹೇಳುವುದೇ ಡಿಸ್ಕೌಂಟ್ ದರ. 25 ವರ್ಷದ ಈ ಗೇಣಿಯನ್ನು 4 ಶೇಕಡಾ ಡಿಸ್ಕೌಂಟ್ ದರದಲ್ಲಿ ಇವತ್ತಿನ ಮೌಲ್ಯಕ್ಕೆ ಇಳಿಸಿದರೆ ಸುಮಾರು 369 ಕೋಟಿ ಡಾಲರ್. ಗಣಿ ಶುರುವಾಗುವುದು ಹತ್ತು ವರ್ಷ ತಡವಾದರೆ 249 ಕೋಟಿ. ತಲೆಬರಹದ 3,600 ಎಲ್ಲಿ, ಇದೆಲ್ಲಿ!

ಇನ್ನೊಂದನ್ನು ಗಮನಿಸಿ. ತಾಮ್ರದ ಬೆಲೆ 10 ಶೇಕಡಾ ಇಳಿದರೆ ಗೇಣಿ 10 ಶೇಕಡಾ ಇಳಿಯುವುದಿಲ್ಲ. ಅರ್ಧಕ್ಕಿಂತ ಕೆಳಗೆ, 11.4 ಕೋಟಿಗೆ ಬೀಳುತ್ತದೆ. 20 ಶೇಕಡಾ ಇಳಿದರೆ ಏನೂ ಉಳಿಯುವುದಿಲ್ಲ. ಖರ್ಚು ಅಲ್ಲೇ ಇರುತ್ತದೆ, ಬೆಲೆ ಮಾತ್ರ ಕುಣಿಯುತ್ತದೆ. ಹಾಗಾಗಿ ಒಂದೇ ಒಂದು ಅಂಕಿ ಕೊಟ್ಟು ಸುಮ್ಮನಾಗುವ ವರದಿಯನ್ನು ನಾನಂತೂ ಪಕ್ಕಕ್ಕಿಡುತ್ತೇನೆ. 'ಬೆಲೆ ಹೀಗಾದರೆ ಇಷ್ಟು, ಹಾಗಾದರೆ ಅಷ್ಟು' ಎಂಬ ಕೋಷ್ಟಕ ಇರಲೇಬೇಕು.

ಲೆಕ್ಕಕ್ಕೆ ಯಾವ ಬೆಲೆ ಹಿಡೀಬೇಕು? ಇವತ್ತಿಂದಾ, ಮುಂದೆ ಬರೋದಾ?

ಇವತ್ತಿನದು ಬೇಡವೇ ಬೇಡ. ಕಚ್ಚಾ ತೈಲ 2008ರ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ 40ಕ್ಕಿಂತ ಕೆಳಗಿತ್ತು. 2020ರ ಏಪ್ರಿಲ್ 20ರಂದು ಮುಂದೆ ಕೊಡುವ ಸರಕಿಗೆ ಇವತ್ತೇ ಬೆಲೆ ಗೊತ್ತುಮಾಡುವ ಅಮೆರಿಕದ ವಾಯಿದಾ ಮಾರುಕಟ್ಟೆಯಲ್ಲಿ ಒಂದು ಬ್ಯಾರೆಲ್ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಅಂದರೆ ತೈಲ ಒಯ್ಯಿರಿ ಎಂದು ಮಾರುವವರೇ ಕೈಯಿಂದ ದುಡ್ಡು ಕೊಡಬೇಕಾಯಿತು. ಆ ಸಂಜೆಯ ಬೆಲೆಯಲ್ಲಿ ಗುಣಿಸಿದರೆ ತೈಲ ದೇಶಗಳೆಲ್ಲ ಸಾಲಗಾರರು!

ಲೆಕ್ಕ ಹಾಕುವವರು ಸಾಮಾನ್ಯವಾಗಿ ಹಿಂದಿನ ಕೆಲವು ವರ್ಷಗಳ ಸರಾಸರಿ ಗೇಣಿಯನ್ನು ಹಿಡಿದು ಅದೇ ಮುಂದುವರಿಯುತ್ತದೆ ಎಂದುಕೊಳ್ಳುತ್ತಾರೆ. ಜಾಣತನದ ಊಹೆಯೇನೂ ಅಲ್ಲ. ಆದರೆ ಜಾಣರ ಊಹೆಗಳು ಇದಕ್ಕಿಂತ ಚೆನ್ನಾಗಿ ನಡೆದದ್ದೂ ಅಪರೂಪ. 1980ರಲ್ಲಿ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಮತ್ತು ಜೀವವಿಜ್ಞಾನಿ ಪಾಲ್ ಎರ್ಲಿಕ್ ಐದು ಲೋಹಗಳ ಬೆಲೆ ಹತ್ತು ವರ್ಷದಲ್ಲಿ ಏರುತ್ತದೋ ಇಳಿಯುತ್ತದೋ ಎಂದು ಬಾಜಿ ಕಟ್ಟಿದರು. ಏರುತ್ತದೆ ಎಂದ ಎರ್ಲಿಕ್ ಸೋತು 576.07 ಡಾಲರ್ ಚೆಕ್ ಕಳಿಸಿದರು. ಶುರುವಿನ ವರ್ಷ ಬೇರೆ ಇದ್ದಿದ್ದರೆ ಗೆಲ್ಲುವವರೂ ಬದಲಾಗಬಹುದಿತ್ತು.

ಡಿಸ್ಕೌಂಟ್ ದರ ಅಂತ ಮುಂದಿನ ಪೀಳಿಗೆಯ ಪಾಲನ್ನು ಕಡಿಮೆ ಮಾಡ್ತೀರಲ್ಲ, ಇದು ಅನ್ಯಾಯ ಅಲ್ವಾ?

ನ್ಯಾಯವಾದ ಪ್ರಶ್ನೆ. 50 ವರ್ಷದ ನಂತರ ಬರುವ 100 ಡಾಲರ್ 4 ಶೇಕಡಾ ದರದಲ್ಲಿ ಇವತ್ತಿಗೆ ಸುಮಾರು 14 ಡಾಲರ್. 8 ಶೇಕಡಾ ಆದರೆ ಬರೀ 2 ಡಾಲರ್ ಚಿಲ್ಲರೆ. ಕಂಪನಿಗಳು ದೊಡ್ಡ ದರ ಹಿಡಿಯುತ್ತವೆ, ಯಾಕೆಂದರೆ ಅವಕ್ಕೆ ದುಡ್ಡು ಬೇಗ ಬೇಕು, ಅಪಾಯವೂ ಹೆಚ್ಚು. ದೇಶಕ್ಕೆ ಆ ಅವಸರ ಇಲ್ಲ. ವಿಶ್ವಬ್ಯಾಂಕ್ ತನ್ನ ಸಂಪತ್ತಿನ ಲೆಕ್ಕಗಳಲ್ಲಿ ಎಲ್ಲ ದೇಶಗಳಿಗೂ 4 ಶೇಕಡಾ ಬಳಸಿದೆ.

ಇದಕ್ಕೆ ಇನ್ನೊಂದು ಮುಖ ಇದೆ. 1931ರಲ್ಲಿ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ ಒಂದು ಮಾತು ತೋರಿಸಿಕೊಟ್ಟರು. ನೆಲದಲ್ಲಿ ಬಿಟ್ಟ ಅದಿರೂ ಒಂದು ಹೂಡಿಕೆಯೇ. ಅದರ ಗೇಣಿ ಬಡ್ಡಿ ದರದಷ್ಟು ವೇಗವಾಗಿ ಏರಿದರೆ ಮಾಲೀಕನಿಗೆ ತೆಗೆದು ಮಾರುವುದೂ ಒಂದೇ, ಬಿಟ್ಟು ಕಾಯುವುದೂ ಒಂದೇ. ನಿಧಾನ ಏರಿದರೆ ಇವತ್ತೇ ತೆಗೆದುಬಿಡುತ್ತಾನೆ. ವಾಸ್ತವದಲ್ಲಿ ಬೆಲೆಗಳು ಈ ಗೆರೆಯ ಮೇಲೆ ನಡೆದದ್ದು ಕಡಿಮೆ. ಆದರೂ 'ಇವತ್ತು ತೆಗೆಯಲಾ, ಕಾಯಲಾ' ಎಂದು ಯೋಚಿಸುವ ರೀತಿಯನ್ನು ಕೊಟ್ಟದ್ದು ಅವರೇ.

ಕಾಡು, ಮೀನು ಮತ್ತೆ ಬೆಳೀತಾವಲ್ಲ. ಅವಕ್ಕೂ ಇದೇ ಲೆಕ್ಕವಾ?

ಸೂತ್ರ ಅದೇ, ಆಯುಸ್ಸು ಬೇರೆ. ಬೆಳೆದಷ್ಟೇ ಕಡಿದರೆ, ಹುಟ್ಟಿದಷ್ಟೇ ಹಿಡಿದರೆ ಗೇಣಿ ಎಂದೆಂದಿಗೂ ಬರುತ್ತದೆ. ಆಗ ವರ್ಷದ ಗೇಣಿಯನ್ನು ಡಿಸ್ಕೌಂಟ್ ದರದಿಂದ ಭಾಗಿಸಿದರೆ ಸಾಕು. 4 ಶೇಕಡಾದಲ್ಲಿ ವರ್ಷಕ್ಕೆ 1 ಕೋಟಿ ಕೊಡುವ ಕಾಡಿನ ಮೌಲ್ಯ 25 ಕೋಟಿ. ಮಿತಿ ಮೀರಿ ಕಡಿದರೆ ಕಾಡೂ ಗಣಿಯ ಹಾಗೇ. ಎಷ್ಟು ವರ್ಷಕ್ಕೆ ಮುಗಿಯುತ್ತದೆಂದು ಎಣಿಸಬೇಕು.

ಮೀನಿನದು ವಿಚಿತ್ರ. ಕಡಲು ಯಾರಿಗೂ ಸೇರಿದ್ದಲ್ಲ ಎಂದಾದರೆ ಲಾಭ ಇರುವ ತನಕ ಹೊಸ ದೋಣಿಗಳು ಬರುತ್ತಲೇ ಇರುತ್ತವೆ. ಕೊನೆಗೆ ಡೀಸೆಲ್ ಖರ್ಚಿಗೂ ಹಿಡಿದ ಮೀನಿಗೂ ಸರಿಸಮ ಆಗುತ್ತದೆ. ಕಡಲ ತುಂಬ ಮೀನಿದ್ದರೂ ಗೇಣಿ ಸೊನ್ನೆ. ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 2009ರಲ್ಲಿ ಲೆಕ್ಕ ಹಾಕಿದ ಪ್ರಕಾರ ಹೀಗೆ ಕೈತಪ್ಪುತ್ತಿದ್ದ ಗೇಣಿ ಲೋಕಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 5,000 ಕೋಟಿ ಡಾಲರ್. ಕಡಿಮೆ ದೋಣಿ, ಕಡಿಮೆ ಮೀನು ಹಿಡಿಯುವುದು, ಜಾಸ್ತಿ ಮೌಲ್ಯ! ಕೇಳಲು ತಲೆಕೆಳಗು ಅನಿಸುತ್ತದೆ, ಆದರೆ ನಿಜ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಫೌಂಡ್‌ಲ್ಯಾಂಡ್ ಇದೆ. ಐನೂರು ವರ್ಷ ಹಿಡಿದ 'ಕಾಡ್' ಎಂಬ ಜಾತಿಯ ಕಡಲ ಮೀನು ಕುಸಿದುಹೋಗಿ, 1992ರ ಜುಲೈನಲ್ಲಿ ಕೆನಡಾ ಅಲ್ಲಿನ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಿತು. 30,000ಕ್ಕೂ ಹೆಚ್ಚು ಜನರ ಕೆಲಸ ಹೋಯಿತು.

ಮಾರುಕಟ್ಟೆನೇ ಇಲ್ಲದ ವಸ್ತುವಿಗೆ ರೇಟ್ ಯಾರು ಹೇಳ್ತಾರೆ? ಶುದ್ಧ ನೀರು, ಕಾಡಿನ ನೋಟ, ಇಂಥದ್ದಕ್ಕೆ?

ಮೂರು ದಾರಿಗಳು ಹೆಚ್ಚು ಬಳಕೆಯಲ್ಲಿವೆ. ನನಗೆ ಹೆಚ್ಚು ನಂಬಿಕೆ ಮೊದಲನೆಯದರಲ್ಲಿ.

ಪ್ರಕೃತಿ ಮಾಡುವ ಕೆಲಸವನ್ನು ನಾವೇ ಮಾಡಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂದು ನೋಡುವುದು. ನ್ಯೂಯಾರ್ಕ್ ನಗರದ ಕುಡಿಯುವ ನೀರಿನ ಬಹುಪಾಲು ಬರುವುದು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನದಿಂದ. 1990ರ ದಶಕದಲ್ಲಿ ಆ ನೀರಿಗೆ ಶುದ್ಧೀಕರಣ ಘಟಕ ಕಟ್ಟಬೇಕಾದ ಒತ್ತಡ ಬಂತು. ಅಂದಾಜು ಖರ್ಚು 600ರಿಂದ 800 ಕೋಟಿ ಡಾಲರ್. ಅದರ ಬದಲು ನಗರ 1997ರಲ್ಲಿ ಒಪ್ಪಂದ ಮಾಡಿಕೊಂಡು, ಅದರಲ್ಲಿ ಸಣ್ಣ ಪಾಲಿನಷ್ಟು ದುಡ್ಡಿನಲ್ಲಿ ಮೇಲಿನ ಜಮೀನು ಕೊಂಡುಕೊಂಡು, ರೈತರಿಗೆ ನೆರವು ಕೊಟ್ಟು, ಕೊಳಚೆ ಹೊಳೆಗೆ ಸೇರದ ಹಾಗೆ ಮಾಡಿತು. ಆ ಎರಡು ಮೊತ್ತಗಳ ನಡುವಿನ ಅಂತರವೇ ಕಾಡು ಮಾಡುತ್ತಿದ್ದ ಕೆಲಸದ ಬೆಲೆ.

ಎರಡನೆಯದು, ಜನ ಒಂದು ಜಾಗಕ್ಕೆ ಬರಲು ಎಷ್ಟು ಹಣ, ಎಷ್ಟು ಹೊತ್ತು ಖರ್ಚು ಮಾಡುತ್ತಾರೆ ಎಂದು ಅಳೆಯುವುದು. ಈ ಉಪಾಯವನ್ನೂ ಹೋಟೆಲಿಂಗ್ ಅವರೇ 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಪತ್ರ ಬರೆದು ಸೂಚಿಸಿದ್ದರು.

ಮೂರನೆಯದು, ನೇರವಾಗಿ ಕೇಳಿಬಿಡುವುದು. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಅಲಾಸ್ಕಾ ಕಡಲಿಗೆ ತೈಲ ಚೆಲ್ಲಿತು. ಇನ್ನೊಮ್ಮೆ ಹೀಗಾಗದಂತೆ ತಡೆಯಲು ನಿಮ್ಮ ಮನೆಯಿಂದ ಎಷ್ಟು ಕೊಡುತ್ತೀರಿ ಎಂದು ಅಮೆರಿಕದ ಮನೆಗಳಲ್ಲಿ ಕೇಳಿದರು. ಅಲಾಸ್ಕಾವನ್ನು ಯಾವತ್ತೂ ನೋಡದವರೂ ಕೊಡುತ್ತೇವೆ ಎಂದರು. ಒಟ್ಟು ಕೂಡಿದಾಗ 280 ಕೋಟಿ ಡಾಲರ್ ಆಯಿತು. ಬಾಯಲ್ಲಿ ಹೇಳುವುದು ಬೇರೆ, ಜೇಬಿಗೆ ಕೈ ಹಾಕುವುದು ಬೇರೆ ಎಂಬ ಜಗಳ ಅಲ್ಲಿಂದ ಶುರು. ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ಎಂಬ ಇಬ್ಬರು ನೊಬೆಲ್ ವಿಜೇತರ ನೇತೃತ್ವದ ಸಮಿತಿ 1993ರಲ್ಲಿ ಕಟ್ಟುನಿಟ್ಟಿನ ಷರತ್ತುಗಳನ್ನು ಹಾಕಿ ಈ ವಿಧಾನ ಬಳಸಬಹುದು ಎಂದಿತು. ಜಗಳ ನಿಂತಿಲ್ಲ.

## ದೇಶದ ಖಾತೆ

ಇದೆಲ್ಲ ಜಿಡಿಪಿಯಲ್ಲೇ ಬರುತ್ತಲ್ವಾ? ಬೇರೆ ಲೆಕ್ಕ ಯಾಕೆ?

ಜಿಡಿಪಿ ಒಂದು ವರ್ಷದ ದುಡಿಮೆಯ ಲೆಕ್ಕ. ಗಂಟು ಎಷ್ಟು ಉಳಿದಿದೆ ಎಂದು ಅದು ಹೇಳುವುದಿಲ್ಲ. ಕಾಡು ಕಡಿದು ಮಾರಿದರೆ ಆ ಹಣ ಜಿಡಿಪಿಗೆ ಸೇರುತ್ತದೆ, ಹೋದ ಕಾಡು ಎಲ್ಲೂ ಕಳೆಯಲ್ಪಡುವುದಿಲ್ಲ. ಕಾರ್ಖಾನೆಯ ಯಂತ್ರ ಸವೆದರೆ ಸವಕಳಿ ಬರೆಯುತ್ತೇವೆ, ಗಣಿ ಬರಿದಾದರೆ ಬರೆಯುವುದಿಲ್ಲ.

1989ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ರೆಪೆಟ್ಟೊ ಮತ್ತು ಸಂಗಡಿಗರು ಇಂಡೊನೇಷ್ಯಾದ ಲೆಕ್ಕವನ್ನು ತಿದ್ದಿ ನೋಡಿದರು. 1971ರಿಂದ 1984ರವರೆಗೆ ಅದರ ಜಿಡಿಪಿ ವರ್ಷಕ್ಕೆ ಸರಾಸರಿ 7.1 ಶೇಕಡಾ ಬೆಳೆದಿತ್ತು. ತೈಲ, ಮರ, ಕೊಚ್ಚಿಹೋದ ಮಣ್ಣು ಈ ಮೂರನ್ನು ಮಾತ್ರ ಕಳೆದಾಗ ಬೆಳವಣಿಗೆ 4 ಶೇಕಡಾಕ್ಕೆ ಇಳಿಯಿತು. ಉಳಿದದ್ದು ಗಂಟು ಕರಗಿಸಿದ್ದು.

2025ರಲ್ಲಿ ಒಪ್ಪಿದ ಹೊಸ ರಾಷ್ಟ್ರೀಯ ಲೆಕ್ಕಪತ್ರ ಮಾದರಿಯಲ್ಲಿ ಸಂಪನ್ಮೂಲ ಬರಿದಾಗುವುದನ್ನು ಉತ್ಪಾದನೆಯ ಖರ್ಚೆಂದೇ ಬರೆಯಬೇಕು. ಜಿಡಿಪಿ ಹಾಗೇ ಇರುತ್ತದೆ, ಸವಕಳಿ ಕಳೆದ ನಿವ್ವಳ ಉತ್ಪನ್ನ ಬದಲಾಗುತ್ತದೆ. ಒಂದು ಗೊಣಗಾಟ: ಸುದ್ದಿಯಲ್ಲಿ ನಿವ್ವಳದ ಮಾತು ಯಾರೂ ಎತ್ತುವುದಿಲ್ಲ.

ನೈಸರ್ಗಿಕ ಸಂಪತ್ತು ಜಾಸ್ತಿ ಇದ್ದಷ್ಟೂ ದೇಶ ಶ್ರೀಮಂತ, ಹೌದಾ?

ವಿಶ್ವಬ್ಯಾಂಕಿನ 2018ರ ವರದಿ 141 ದೇಶಗಳ ಸಂಪತ್ತನ್ನು ಕೂಡಿ ನೋಡಿತು. 2014ರ ಲೆಕ್ಕದಲ್ಲಿ ಲೋಕದ ಒಟ್ಟು ಸಂಪತ್ತಿನಲ್ಲಿ ಪ್ರಕೃತಿಯ ಪಾಲು 9 ಶೇಕಡಾ. ಜನರ ದುಡಿಯುವ ಸಾಮರ್ಥ್ಯದ ಪಾಲು 64. ಬಡ ದೇಶಗಳಲ್ಲಿ ಮಾತ್ರ ಪ್ರಕೃತಿಯ ಪಾಲು 47 ಶೇಕಡಾ. ಹಾಗಂತ ಬಡ ದೇಶಗಳಲ್ಲಿ ಪ್ರಕೃತಿ ಹೆಚ್ಚಿದೆ ಎಂದಲ್ಲ. ತಲಾ ಲೆಕ್ಕದಲ್ಲಿ ಶ್ರೀಮಂತ ದೇಶಗಳ ನೈಸರ್ಗಿಕ ಸಂಪತ್ತೇ ಹೆಚ್ಚು. ಬಡ ದೇಶಗಳಲ್ಲಿ ಬೇರೆ ಸಂಪತ್ತು ಅಷ್ಟಾಗಿ ಕೂಡಿಲ್ಲ, ಹಾಗಾಗಿ ಈ ಪಾಲು ದೊಡ್ಡದಾಗಿ ಕಾಣುತ್ತದೆ.

ನಾರ್ವೆ ಗೆದ್ದಿತು, ನೌರು ಸೋತಿತು ಅಂತಾರೆ. ಇಬ್ಬರೂ ಮಾಡಿದ್ದೇನು?

ಅರ್ಥಶಾಸ್ತ್ರಜ್ಞ ಜಾನ್ ಹಾರ್ಟ್‌ವಿಕ್ 1977ರಲ್ಲಿ ಕೊಟ್ಟ ಸೂತ್ರ ಸರಳ. ಮುಗಿದುಹೋಗುವ ಸಂಪನ್ಮೂಲದ ಗೇಣಿಯನ್ನೆಲ್ಲ ಬೇರೆ ಬಂಡವಾಳಕ್ಕೆ ಹೂಡಿ. ರಸ್ತೆ, ಶಾಲೆ, ಯಂತ್ರ, ಷೇರು ಏನೇ ಆಗಲಿ. ಆಗ ನೆಲದಡಿಯದು ಕರಗಿದರೂ ಅನುಭೋಗದ ಮಟ್ಟ ಇಳಿಯುವುದಿಲ್ಲ.

ನೌರು ಪೆಸಿಫಿಕ್ ಸಾಗರದಲ್ಲಿರುವ 21 ಚದರ ಕಿಲೋಮೀಟರಿನ ದ್ವೀಪ ದೇಶ. ಗೊಬ್ಬರಕ್ಕೆ ಬಳಸುವ ಫಾಸ್ಫೇಟ್ ಮಾರಿ 1970ರ ದಶಕದಲ್ಲಿ ತಲಾ ಆದಾಯದಲ್ಲಿ ಲೋಕದ ಮುಂಚೂಣಿಯಲ್ಲಿತ್ತು. ದುಡ್ಡು ಕೂಡಿಡಲು ನಿಧಿಯನ್ನೂ ಮಾಡಿತ್ತು. ಆ ದುಡ್ಡು ಹೋಟೆಲುಗಳಿಗೆ, ಹಾರಿದಷ್ಟೂ ನಷ್ಟ ಮಾಡಿದ ವಿಮಾನಗಳಿಗೆ, ಲಂಡನ್ನಿನಲ್ಲಿ ಮುಗ್ಗರಿಸಿದ ಒಂದು ಸಂಗೀತ ನಾಟಕಕ್ಕೂ ಹೋಯಿತು. ಫಾಸ್ಫೇಟ್ ಮುಗಿಯುವ ಹೊತ್ತಿಗೆ ನಿಧಿಯೂ ಸೊರಗಿತ್ತು. ದ್ವೀಪದ ಸುಮಾರು 80 ಶೇಕಡಾ ನೆಲ ಸುಣ್ಣದ ಕಲ್ಲಿನ ಚೂಪು ಕಂಬಗಳಾಗಿ ಉಳಿದಿದೆ.

ನಾರ್ವೆ ತೈಲ ಕಂಪನಿಗಳ ಲಾಭದ ಮೇಲೆ ಒಟ್ಟು 78 ಶೇಕಡಾ ತೆರಿಗೆ ಹಾಕುತ್ತದೆ. ಅಂದರೆ ಗೇಣಿಯ ಬಹುಪಾಲು ದೇಶದ ಕೈಗೆ ಬರುತ್ತದೆ. ಆ ಹಣ ಕೂಡಿಡುವ ನಿಧಿಯ ಕಾನೂನು 1990ರದು, ಮೊದಲ ಹಣ ಬಿದ್ದದ್ದು 1996ರಲ್ಲಿ. ದುಡ್ಡನ್ನೆಲ್ಲ ದೇಶದ ಹೊರಗೆ ಹೂಡುತ್ತಾರೆ. ಸರ್ಕಾರ ವರ್ಷಕ್ಕೆ ನಿಧಿಯ ನಿರೀಕ್ಷಿತ ಗಳಿಕೆಯಷ್ಟನ್ನು ಮಾತ್ರ ಬಳಸಬೇಕು. 2001ರಲ್ಲಿ 4 ಶೇಕಡಾ ಎಂದಿದ್ದನ್ನು 2017ರಲ್ಲಿ 3ಕ್ಕೆ ಇಳಿಸಿದರು. ಕುಡಿಕೆ ಹೊನ್ನನ್ನು ಕೂತು ತಿನ್ನದಿರಲು ಕಾನೂನಿನ ಬೇಲಿ ಬೇಕಾಯಿತು.

ಇವೆರಡೇ ಹೆಸರು ಎಲ್ಲರ ಬಾಯಲ್ಲಿರುತ್ತವೆ. ನನ್ನ ಪ್ರಕಾರ ಕಲಿಯುವುದು ಜಾಸ್ತಿ ಇರುವುದು ಬೋಟ್ಸ್ವಾನಾದಲ್ಲಿ. 1966ರಲ್ಲಿ ಸ್ವತಂತ್ರವಾದಾಗ ಅದು ಕಡು ಬಡ ದೇಶ. ಮರು ವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಗಣಿ ಕಂಪನಿಯಲ್ಲಿ ಸರ್ಕಾರ ಮುಂದೆ ಅರ್ಧ ಪಾಲು ಪಡೆಯಿತು. ಖನಿಜದ ಆದಾಯವನ್ನು ಸಂಬಳ, ದಿನದ ಖರ್ಚಿಗೆ ಎಷ್ಟು ಸುರಿಯುತ್ತಿದ್ದೇವೆ ಎಂದು ಅಳೆಯುವ ಒಂದು ಸೂಚ್ಯಂಕವನ್ನೂ ಮಾಡಿಕೊಂಡಿತು.

## ತಲೆ ತಿನ್ನುವವು

ಇವತ್ತು ಬಂಗಾರದ ಬೆಲೆ ಇರೋದು ನಾಳೆ ಕಸ ಆಗಬಹುದಾ?

ಆಗಿದೆ. ಚಿಲಿಯ ಅಟಕಾಮಾ ಮರುಭೂಮಿಯ ನೈಟ್ರೇಟ್ ಒಂದು ಕಾಲಕ್ಕೆ ಲೋಕದ ಗೊಬ್ಬರಕ್ಕೂ ಸಿಡಿಮದ್ದಿಗೂ ಆಧಾರ. ಅದಿದ್ದ ನೆಲಕ್ಕಾಗಿ ಚಿಲಿ, ಪೆರು, ಬೊಲಿವಿಯಾ 1879ರಿಂದ ಯುದ್ಧವನ್ನೇ ಮಾಡಿದವು. ಗಾಳಿಯ ನೈಟ್ರೋಜನ್ನಿನಿಂದ ಅಮೋನಿಯಾ ಮಾಡುವ ಕಾರ್ಖಾನೆ 1913ರಲ್ಲಿ ಜರ್ಮನಿಯಲ್ಲಿ ಶುರುವಾಯಿತು. ಒಂದೆರಡು ದಶಕದೊಳಗೆ ಚಿಲಿಯ ನೈಟ್ರೇಟ್ ಊರುಗಳು ಖಾಲಿಯಾಗತೊಡಗಿದವು. ಆ ವಿಧಾನ ಕಂಡುಹಿಡಿದವರು ಫ್ರಿಟ್ಜ್ ಹೇಬರ್. ಸಮುದ್ರದ ನೀರಿನಿಂದ ಚಿನ್ನ ಹಿಂಡಲಾಗದ ಆ ಹೇಬರೇ.

ಈಗ ಇದೇ ಪ್ರಶ್ನೆ ಕಲ್ಲಿದ್ದಲು, ತೈಲದ ಮೇಲೆ ತೂಗುತ್ತಿದೆ. ಭೂಮಿಯ ಬಿಸಿ 2 ಡಿಗ್ರಿ ಮೀರಬಾರದು ಎಂದಾದರೆ 2050ರ ತನಕ ತೈಲ ರಿಸರ್ವ್‌ನ ಮೂರನೇ ಒಂದು, ಅನಿಲದ ಅರ್ಧ, ಕಲ್ಲಿದ್ದಲಿನ 80 ಶೇಕಡಾಕ್ಕೂ ಹೆಚ್ಚು ಪಾಲು ನೆಲದಲ್ಲೇ ಉಳಿಯಬೇಕು ಎಂದು 2015ರ ಒಂದು ಅಧ್ಯಯನ ಲೆಕ್ಕ ಹಾಕಿತು. ಅಷ್ಟನ್ನೂ ಸಂಪತ್ತೆಂದು ಎಣಿಸುವ ದೇಶ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿರಬಹುದು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ಅನಿಲ ಕ್ಷೇತ್ರದಲ್ಲಿ ಇನ್ನೂ ಸಾಕಷ್ಟು ಅನಿಲ ಇದೆ. ತೆಗೆದಷ್ಟೂ ನೆಲ ಕುಸಿದು ಭೂಕಂಪವಾಗಿ ಮನೆಗಳು ಬಿರುಕು ಬಿಟ್ಟದ್ದರಿಂದ 2023ರ ಅಕ್ಟೋಬರ್‌ನಲ್ಲಿ ತೆಗೆಯುವುದನ್ನು ನಿಲ್ಲಿಸಿದರು. ರಿಸರ್ವ್ ಪಟ್ಟಿಯಿಂದ ಅದು ಬಿದ್ದದ್ದು ಬೆಲೆಯ ಕಾರಣಕ್ಕಲ್ಲ.

ಇಡೀ ಭೂಮಿಯ ಪ್ರಕೃತಿಗೆ ವರ್ಷಕ್ಕೆ 33 ಲಕ್ಷ ಕೋಟಿ ಡಾಲರ್ ಅಂತ ಯಾರೋ ಬೆಲೆ ಕಟ್ಟಿದ್ರಂತೆ. ನಂಬಬಹುದಾ?

1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕಾಸ್ಟಾಂಜಾ ಮತ್ತು ಸಂಗಡಿಗರು ಹಾಗೆ ಹೇಳಿದರು. ಅಂದಾಜಿನ ವ್ಯಾಪ್ತಿ 16ರಿಂದ 54 ಲಕ್ಷ ಕೋಟಿ. ಆಗ ಇಡೀ ಲೋಕದ ಒಟ್ಟು ಉತ್ಪನ್ನ 18 ಲಕ್ಷ ಕೋಟಿ ಡಾಲರ್. ಲೋಕದ ಒಟ್ಟು ಆದಾಯವೇ 18 ಇರುವಾಗ 33 ಕೊಡಲು ಯಾರ ಹತ್ತಿರ ದುಡ್ಡಿದೆ?

ತೊಡಕು ಇಲ್ಲಿದೆ. ಬೆಲೆ ಹೇಳುವುದು ಯಾವತ್ತೂ ಇನ್ನೊಂದಿಷ್ಟು ಸಿಕ್ಕಿದರೆ ಅಥವಾ ಹೋದರೆ ಏನು ಎಂಬುದನ್ನು. ಒಂದು ಹೆಕ್ಟೇರ್ ಜೌಗಿನ ಬೆಲೆಯನ್ನು ಲೋಕದ ಎಲ್ಲ ಜೌಗಿಗೂ ಗುಣಿಸಿದರೆ, ಎಲ್ಲವೂ ಒಟ್ಟಿಗೆ ಮಾಯವಾದರೂ ಕೊನೆಯ ಹೆಕ್ಟೇರಿಗೆ ಅದೇ ಬೆಲೆ ಎಂದುಕೊಂಡ ಹಾಗೆ. ಅರ್ಥಶಾಸ್ತ್ರಜ್ಞ ಮೈಕೆಲ್ ಟೋಮನ್ ಇದನ್ನು ಅನಂತದ ತೀರಾ ಕಡಿಮೆ ಅಂದಾಜು ಎಂದು ಚುಚ್ಚಿದರು. ಆ ಅಂಕಿಯಿಂದ ಗಮನ ಸೆಳೆದದ್ದು ದೊಡ್ಡ ಲಾಭ, ಆದರೆ ಯಾವ ತೀರ್ಮಾನಕ್ಕೂ ಅದನ್ನು ಬಳಸಲಾಗದು. 'ಈ ಜೌಗನ್ನು ಮುಚ್ಚಿದರೆ ಕೆಳಗಿನ ಊರಿಗೆ ಪ್ರವಾಹದ ನಷ್ಟ ಎಷ್ಟು' ಎಂಬ ಸಣ್ಣ ಪ್ರಶ್ನೆಗೆ ಉತ್ತರ ಸಿಗುತ್ತದೆ. ಬಳಕೆಗೂ ಬರುತ್ತದೆ.

ತೆಗೆಯದೆ ನೆಲದಲ್ಲೇ ಬಿಟ್ಟರೆ ಅದಕ್ಕೂ ಯಾರಾದ್ರೂ ದುಡ್ಡು ಕೊಡ್ತಾರಾ?

ಈಕ್ವೆಡಾರ್ ಕೇಳಿ ನೋಡಿತು. ಅಮೆಜಾನ್ ಕಾಡಿನ ಯಾಸುನಿ ರಾಷ್ಟ್ರೀಯ ಉದ್ಯಾನದಡಿ ಸುಮಾರು 85 ಕೋಟಿ ಬ್ಯಾರೆಲ್ ತೈಲ ಇತ್ತು. 2007ರಲ್ಲಿ ಅಧ್ಯಕ್ಷ ರಫಾಯೆಲ್ ಕೊರಿಯಾ ಲೋಕದ ಮುಂದೆ ಒಂದು ಪ್ರಸ್ತಾಪ ಇಟ್ಟರು. ಈ ತೈಲದಿಂದ ಬರಬಹುದಾದ ಹಣದ ಅರ್ಧ, 360 ಕೋಟಿ ಡಾಲರ್, ನೀವು ಕೊಡಿ. ನಾವು ತೆಗೆಯುವುದಿಲ್ಲ.

ಕೈಗೆ ಬಂದದ್ದು ಸುಮಾರು 1.3 ಕೋಟಿ ಡಾಲರ್. 2013ರಲ್ಲಿ ಪ್ರಸ್ತಾಪ ಕೈಬಿಟ್ಟರು, 2016ರಲ್ಲಿ ತೈಲ ಹರಿಯತೊಡಗಿತು. ಕಾಡಿನ ಮೌಲ್ಯ ಲೋಕಕ್ಕೆಲ್ಲ ಸೇರಿದ್ದು, ಬಿಟ್ಟುಕೊಡುವ ನಷ್ಟ ಮಾತ್ರ ಒಂದೇ ದೇಶದ್ದು. ಎಲ್ಲರೂ ಬೇರೆಯವರು ಕೊಡಲಿ ಎಂದು ಕಾಯುತ್ತಾರೆ. ಸಮೀಕ್ಷೆಯಲ್ಲಿ 'ಕೊಡುತ್ತೇವೆ' ಎಂದ ಮೌಲ್ಯ ಖಜಾನೆಗೆ ಬಾರದೆ ಉಳಿಯುವುದು ಹೀಗೆ.

ಆದರೆ 2023ರ ಆಗಸ್ಟ್‌ನಲ್ಲಿ ಜನಮತ ನಡೆಯಿತು. ಈ ಸಲ ಹೊರಗಿನವರ ಹಣದ ಮಾತೇ ಇರಲಿಲ್ಲ. ಸುಮಾರು 59 ಶೇಕಡಾ ಮತದಾರರು ತೈಲ ನೆಲದಲ್ಲೇ ಇರಲಿ ಎಂದರು. ಒಂದು ವರ್ಷದೊಳಗೆ ನಿಲ್ಲಿಸಬೇಕೆಂದು ನ್ಯಾಯಾಲಯ ಹೇಳಿತ್ತು. ಬಾವಿಗಳನ್ನೆಲ್ಲ ಮುಚ್ಚಲು ಐದು ವರ್ಷವಾದರೂ ಬೇಕು ಎಂದಿತು ಸರ್ಕಾರ. ಮೊದಲ ಬಾವಿ ಮುಚ್ಚಿದ್ದು 2024ರ ಆಗಸ್ಟ್‌ನಲ್ಲಿ.